ಚಳಿಗೆ ಹೆಜ್ಜೆ ಎತ್ತದ ಹಳೆಯ ಗಾರ್ಡನ್ ಟ್ರ್ಯಾಕ್ಟರ್: ಹೈಡ್ರೋಸ್ಟ್ಯಾಟಿಕ್ ದೋಷ ಹುಡುಕುವುದು ಹೇಗೆ

ಇಂಜಿನ್ ಸ್ಟಾರ್ಟ್ ಆಗಿದೆ. ಲಿವರ್ ಮುಂದಕ್ಕೆ ತಳ್ಳಿದ್ದೀರಿ. ಟ್ರ್ಯಾಕ್ಟರ್ ಮಾತ್ರ ನಿಂತಲ್ಲೇ ನಿಂತಿದೆ. ಸೀಟಿನ ಕೆಳಗಿನಿಂದ ಕುಂಯ್ ಅನ್ನುವ ಸದ್ದು ಬರುತ್ತಿದೆ. ಹೊರಗೆ ಮೈನಸ್ 22 ಡಿಗ್ರಿ ಸೆಲ್ಸಿಯಸ್. ಡ್ರೈವ್‌ವೇ ತುಂಬಾ ಮೊಣಕಾಲುದ್ದ ಸ್ನೋ. ಎಂಟು ಗಂಟೆಗೆ ಕೆಲಸಕ್ಕೆ ಹೊರಡಬೇಕು.

ಅಮೆರಿಕದ ಮಿನ್ನೆಸೋಟಕ್ಕೆ ಬಂದು ಹದಿಮೂರು ಚಳಿಗಾಲ ಕಳೆದಿದ್ದೇನೆ. ಇದು ನನ್ನ ಮನೆಯಲ್ಲೂ ಆಗಿದೆ, ಪರಿಚಯದ ಕನ್ನಡದವರ ಮನೆಗಳಲ್ಲೂ ಆಗಿದೆ. ಊರಾಚೆ ಸ್ವಲ್ಪ ಜಾಗ ಇರುವ ಮನೆ ಕೊಂಡರೆ, ಹಿಂದಿನ ಮಾಲೀಕರು ಶೆಡ್ಡಿನಲ್ಲಿ ಒಂದು ಹಳೆಯ ಗಾರ್ಡನ್ ಟ್ರ್ಯಾಕ್ಟರನ್ನು ಅಗ್ಗಕ್ಕೆ ಬಿಟ್ಟು ಹೋಗುವುದು ಇಲ್ಲಿ ಮಾಮೂಲಿ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತದೆ, ಚಳಿಗಾಲದಲ್ಲಿ ಮುಂದೆ ಸ್ನೋಬ್ಲೋವರ್ ಕಟ್ಟಿಕೊಳ್ಳುತ್ತದೆ. ನಲವತ್ತು ಐವತ್ತು ವರ್ಷ ಹಳೆಯದಾದರೂ ಗಟ್ಟಿ ಮಾಲು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1960ರ ದಶಕದ ಮಧ್ಯದಲ್ಲೇ ತನ್ನ ಕಬ್ ಕ್ಯಾಡೆಟ್ ಗಾರ್ಡನ್ ಟ್ರ್ಯಾಕ್ಟರಿಗೆ ಹೈಡ್ರೋಸ್ಟ್ಯಾಟಿಕ್ ಗೇರ್, ಅಂದರೆ ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವ ಗೇರ್ ಹಾಕಿತ್ತು. ಜಾನ್ ಡೀರ್ 140 ಬಂದದ್ದು 1968ರಲ್ಲಿ. 1983ರಿಂದ 1992ರವರೆಗೆ ತಯಾರಾದ ಜಾನ್ ಡೀರ್ 318 ಈಗಲೂ ಎಷ್ಟೋ ಮನೆಗಳಲ್ಲಿ ದುಡಿಯುತ್ತಿದೆ.

ಚಳಿಗೆ ಟ್ರ್ಯಾಕ್ಟರ್ ಕದಲದಿದ್ದರೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು "ಪಂಪು ಹೋಯ್ತು". ನಾನು ಕೈಹಾಕಿ ನೋಡಿದ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವುಗಳ ಪಂಪು ಚೆನ್ನಾಗಿಯೇ ಇತ್ತು. ತಪ್ಪು ಇದ್ದದ್ದು ಆಯಿಲ್‌ನಲ್ಲಿ, ಅದರೊಳಗೆ ಸೇರಿದ ನೀರಿನಲ್ಲಿ, ಇಲ್ಲಾ ಹೊರಗಿನ ಯಾವುದೋ ಸಣ್ಣ ಭಾಗದಲ್ಲಿ. ಅದಕ್ಕೇ ಈ ಬರಹ. ದಯವಿಟ್ಟು ಪಂಪನ್ನು ಕೊನೆಗೆ ಬಿಚ್ಚಿ.

ಒಳಗೆ ಏನಾಗುತ್ತಿದೆ

ಈ ಗೇರಿನಲ್ಲಿ ಹಲ್ಲುಚಕ್ರ ಬದಲಿಸುವ ಕೆಲಸ ಇಲ್ಲ. ಇಂಜಿನ್ ಒಂದು ಪಿಸ್ಟನ್ ಪಂಪನ್ನು ತಿರುಗಿಸುತ್ತದೆ. ಪಂಪು ಆಯಿಲ್ಲನ್ನು ಒತ್ತಡದಲ್ಲಿ ಮೋಟಾರಿಗೆ ಕಳಿಸುತ್ತದೆ. ಮೋಟಾರು ಚಕ್ರ ತಿರುಗಿಸುತ್ತದೆ. ನೀವು ಲಿವರ್ ಆಡಿಸಿದಾಗ ಪಂಪಿನೊಳಗಿನ ಒಂದು ತಟ್ಟೆ ಓರೆಯಾಗುತ್ತದೆ. ಅದಕ್ಕೆ ಸ್ವಾಶ್‌ಪ್ಲೇಟ್ ಅಂತಾರೆ. ತಟ್ಟೆ ನೇರ ಇದ್ದರೆ ಆಯಿಲ್ ಹರಿಯುವುದಿಲ್ಲ, ಟ್ರ್ಯಾಕ್ಟರ್ ನ್ಯೂಟ್ರಲ್‌ನಲ್ಲಿ ಇರುತ್ತದೆ. ಓರೆ ಜಾಸ್ತಿಯಾದಷ್ಟೂ ವೇಗ ಜಾಸ್ತಿ. ಆ ಕಡೆ ಓರೆಯಾದರೆ ಮುಂದಕ್ಕೆ, ಈ ಕಡೆ ಓರೆಯಾದರೆ ಹಿಂದಕ್ಕೆ.

ಪಂಪು ಮತ್ತು ಮೋಟಾರಿನ ನಡುವೆ ಆಯಿಲ್ ಒಂದೇ ಸುತ್ತಿನಲ್ಲಿ ಓಡಾಡುತ್ತದೆ. ಪಿಸ್ಟನ್ನುಗಳ ಸಂದಿಯಲ್ಲಿ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ. ಸೋರಿದ್ದನ್ನು ತುಂಬಿಕೊಡಲು ಒಂದು ಸಣ್ಣ ಪಂಪು ಬೇರೆ ಇದೆ. ಅದೇ ಚಾರ್ಜ್ ಪಂಪು. ಚಳಿಯಲ್ಲಿ ಮೊದಲು ಕಷ್ಟಕ್ಕೆ ಸಿಗುವುದು ಇದೇ.

ಮಲೆನಾಡಿನ ಜೋನಿಬೆಲ್ಲ ನೋಡಿದವರಿಗೆ ವಿಷಯ ಬೇಗ ತಿಳಿಯುತ್ತದೆ. ಬಿಸಿಯಾಗಿದ್ದಾಗ ಸರಾಗವಾಗಿ ಸುರಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ಡಬ್ಬ ಬಗ್ಗಿಸಿದರೆ ನಿಧಾನಕ್ಕೆ ಜಗ್ಗಿಕೊಂಡು ಬರುತ್ತದೆ. ಅಂಥದ್ದನ್ನು ಸ್ಟ್ರಾ ಹಾಕಿ ಕುಡಿಯಲು ಹೊರಟರೆ ಏನಾಗುತ್ತದೋ, ಚಾರ್ಜ್ ಪಂಪಿಗೂ ಅದೇ ಆಗುತ್ತದೆ. ಪಂಪು ಎಷ್ಟೇ ಜೋರಾಗಿ ತಿರುಗಿದರೂ ತಳದ ಆಯಿಲ್ಲನ್ನು ಅದರ ಬಾಯಿಗೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ ಮಾತ್ರ. ಸಮುದ್ರ ಮಟ್ಟದಲ್ಲಿ ಅದು ಸುಮಾರು 14.7 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದಕ್ಕಿಂತ ಹೆಚ್ಚು ಬಲ ಎಲ್ಲಿಂದಲೂ ಬರುವುದಿಲ್ಲ. ಆಯಿಲ್ ಬರುವುದು ತಡವಾದರೆ ಪಂಪಿನೊಳಗೆ ಖಾಲಿ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ನೀವು ಕೇಳುವ ಕುಂಯ್ ಸದ್ದು ಅದೇ. ಆಗ ಥ್ರಾಟಲ್ ಪೂರ್ತಿ ಏರಿಸಿದರೆ ಪಂಪು ಇನ್ನೂ ಹೆಚ್ಚು ಆಯಿಲ್ ಕೇಳುತ್ತದೆ, ಬರುವುದು ಮಾತ್ರ ಅಷ್ಟೇ. ಪಂಪು ಸವೆಯುವುದು ಇಂಥ ನಿಮಿಷಗಳಲ್ಲಿ.

ಮೊದಲು ಈ ಒಂದು ಪ್ರಶ್ನೆ

ಸ್ಪ್ಯಾನರ್ ಹಿಡಿಯುವ ಮೊದಲು ಇದಕ್ಕೆ ಉತ್ತರ ಬೇಕು. ಟ್ರ್ಯಾಕ್ಟರ್ ಚಳಿಯಲ್ಲಿ ಸೋತು ಬಿಸಿಯಾದ ಮೇಲೆ ಸರಿಹೋಗುತ್ತದೆಯೋ? ಅಥವಾ ತಣ್ಣಗಿದ್ದಾಗ ಚೆನ್ನಾಗಿ ಎಳೆದು, ಅರ್ಧ ಗಂಟೆ ಕೆಲಸ ಆದಮೇಲೆ ಸೋಲುತ್ತದೆಯೋ?

ಎರಡೂ ಪೂರ್ತಿ ಬೇರೆ ಬೇರೆ ಕಾಯಿಲೆ. ತಣ್ಣಗಿದ್ದಾಗ ಆಯಿಲ್ ದಪ್ಪ ಇರುತ್ತದೆ. ಸವೆದ ಪಂಪಿನ ಸಂದಿಗಳಲ್ಲೂ ಅದು ಅಷ್ಟಾಗಿ ಸೋರುವುದಿಲ್ಲ. ಹಾಗಾಗಿ ಸವೆದ ಪಂಪು ಚಳಿಯಲ್ಲಿ ಹೊಸದರ ಹಾಗೆ ಎಳೆಯುತ್ತದೆ. ಆಯಿಲ್ ಬಿಸಿಯಾಗಿ ತೆಳ್ಳಗಾದ ಮೇಲೆ ಏರು ಹತ್ತುವಾಗ ನಿಂತುಬಿಡುತ್ತದೆ. ಅಂದರೆ ಬಿಸಿಗೆ ಸೋಲುವುದು ಸವೆತದ ಗುರುತು. ಚಳಿಗೆ ಸೋತು ಬಿಸಿಗೆ ಸರಿಹೋಗುವ ಟ್ರ್ಯಾಕ್ಟರಿನಲ್ಲಿ ಸವೆತ ಹುಡುಕಿ ಪ್ರಯೋಜನ ಇಲ್ಲ. ಅಲ್ಲಿ ಹುಡುಕಬೇಕಾದದ್ದು ಆಯಿಲ್ ಪಂಪಿನ ಬಾಯಿಗೆ ಬರುವ ದಾರಿಯನ್ನು.

ಒಂದು ಸಣ್ಣ ನೋಟ್‌ಬುಕ್ ಶೆಡ್ಡಿನಲ್ಲಿ ಇಟ್ಟುಕೊಳ್ಳಿ. ಹೊರಗಿನ ತಾಪಮಾನ ಎಷ್ಟು, ಸ್ಟಾರ್ಟ್ ಆಗಿ ಎಷ್ಟು ನಿಮಿಷಕ್ಕೆ ಟ್ರ್ಯಾಕ್ಟರ್ ಕದಲಿತು, ಸದ್ದು ಯಾವಾಗ ನಿಂತಿತು, ಅಷ್ಟೇ ಬರೆದರೆ ಸಾಕು. ಮೈನಸ್ 10ರಲ್ಲಿ ಎರಡು ನಿಮಿಷ, ಮೈನಸ್ 25ರಲ್ಲಿ ಎಂಟು ನಿಮಿಷ, ಹೀಗೆ ಲೆಕ್ಕಕ್ಕೆ ಸರಿಯಾಗಿ ಏರಿದರೆ ಅದು ದಪ್ಪ ಆಯಿಲ್. ಸೊನ್ನೆಗಿಂತ ಮೇಲಿದ್ದರೆ ಏನೂ ತೊಂದರೆ ಇಲ್ಲ, ಸೊನ್ನೆ ದಾಟಿ ಕೆಳಗೆ ಹೋದ ಕೂಡಲೇ ಪೂರ್ತಿ ಬಂದ್, ಹೀಗಾದರೆ ನೀರಿನ ಮೇಲೆ ಅನುಮಾನ ಪಡಿ. ಆಯಿಲ್ ಸೊನ್ನೆ ಡಿಗ್ರಿಯನ್ನು ಲೆಕ್ಕಕ್ಕೆ ಇಡುವುದಿಲ್ಲ. ನೀರು ಇಡುತ್ತದೆ.

ಗೇರಿನದ್ದಲ್ಲದ ತೊಂದರೆಗಳು

ಇವನ್ನು ಬೇಗ ನೋಡಿ ಮುಗಿಸಿಬಿಡಿ, ಹತ್ತು ನಿಮಿಷದ ಕೆಲಸ.

ಬ್ರೇಕ್ ಹೆಪ್ಪುಗಟ್ಟಿರಬಹುದು. ನಿನ್ನೆ ಸಂಜೆ ಕರಗಿದ ಸ್ನೋ ಬ್ರೇಕಿನ ಸಂದಿಗೆ ಸೇರಿ ರಾತ್ರಿ ಗಟ್ಟಿಯಾಗಿರುತ್ತದೆ. ಲಿವರ್ ತಳ್ಳಿದಾಗ ಇಂಜಿನ್ ಸದ್ದು ತಗ್ಗಿ ಉಸಿರು ಕಟ್ಟಿದ ಹಾಗೆ ಆದರೆ, ಪಂಪು ಬಲ ಹಾಕುತ್ತಿದೆ, ಚಕ್ರ ಬಿಡುತ್ತಿಲ್ಲ ಅಂತ ಅರ್ಥ. ಟೈರ್ ನೆಲಕ್ಕೇ ಅಂಟಿಕೊಂಡಿರುವುದೂ ಉಂಟು. ಇಂಜಿನ್ ಸದ್ದು ಬದಲಾಗದೆ ಆರಾಮಾಗಿ ಓಡುತ್ತಿದ್ದರೆ ಬಲ ಚಕ್ರದವರೆಗೆ ಹೋಗುತ್ತಲೇ ಇಲ್ಲ. ಈ ಒಂದು ವ್ಯತ್ಯಾಸ ಕಿವಿಯಲ್ಲೇ ಗೊತ್ತಾಗುತ್ತದೆ.

ಬೆಲ್ಟಿನಿಂದ ಓಡುವ ಗೇರ್ ಆದರೆ ಪುಲ್ಲಿಯಲ್ಲಿ ಐಸ್ ಕೂತಿದೆಯಾ ನೋಡಿ. ಸ್ನೋಬ್ಲೋವರ್ ಎರಚಿದ ಪುಡಿ ಬೆಲ್ಟಿನ ಮೇಲೆ ಕರಗಿದರೆ ಬೆಲ್ಟ್ ಜಾರುತ್ತದೆ. ಕಬ್ ಕ್ಯಾಡೆಟ್‌ನಂಥ ಟ್ರ್ಯಾಕ್ಟರುಗಳಲ್ಲಿ ಬೆಲ್ಟ್ ಇಲ್ಲ, ಇಂಜಿನ್ನಿನಿಂದ ಪಂಪಿಗೆ ನೇರ ಶಾಫ್ಟ್ ಹೋಗುತ್ತದೆ. ಅಲ್ಲಿ ಶಾಫ್ಟ್ ಸೇರುವ ಕಡೆ ಸಣ್ಣ ಪಿನ್ನುಗಳು, ರಬ್ಬರ್ ತಟ್ಟೆಗಳು ಇರುತ್ತವೆ. ಐವತ್ತು ವರ್ಷ ಹಳೆಯ ಪಿನ್, ದಪ್ಪ ಆಯಿಲ್‌ನ ಎಳೆತ, ಚಳಿಗೆ ಬಿರುಸಾದ ರಬ್ಬರ್ ಮೂರೂ ಸೇರಿದರೆ ಅಲ್ಲೇ ಮುರಿಯುತ್ತದೆ. ಶಾಫ್ಟ್ ಪಂಪಿಗೆ ಸೇರುವ ಕಡೆ ಇರುವ ಫ್ಯಾನ್ ತಿರುಗುತ್ತಿದೆಯಾ ಅಂತ ಟಾರ್ಚ್ ಬಿಟ್ಟು ದೂರದಿಂದಲೇ ನೋಡಿ. ತಿರುಗುವ ಶಾಫ್ಟಿನ ಹತ್ತಿರ ಜಾಕೆಟ್ಟಿನ ದಾರ, ಮಫ್ಲರ್, ಗ್ಲೌಸ್ ಯಾವುದೂ ಹೋಗಬಾರದು.

ಕೈಯಿಂದ ತಳ್ಳಲು ಇರುವ ಬೈಪಾಸ್ ವಾಲ್ವ್ ತೆರೆದೇ ಉಳಿದಿದೆಯಾ ಅಂತಲೂ ನೋಡಿ. ಶೆಡ್ಡಿನಿಂದ ಹೊರಗೆ ತಳ್ಳಲು ತೆರೆದವರು ಮುಚ್ಚಲು ಮರೆಯುತ್ತಾರೆ.

ಇಂಜಿನ್ನೇ ತಿರುಗಲು ಒದ್ದಾಡಿದರೆ ಅದು ಬೇರೆ ಕಥೆ. ನೇರ ಶಾಫ್ಟ್ ಇರುವ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಇರುವುದಿಲ್ಲ. ಸ್ಟಾರ್ಟರ್ ಇಂಜಿನ್ ಜೊತೆಗೆ ಪಂಪನ್ನೂ ದಪ್ಪ ಆಯಿಲ್‌ನಲ್ಲಿ ತಿರುಗಿಸಬೇಕು. ಅದೇ ಹೊತ್ತಿಗೆ ಬ್ಯಾಟರಿಯ ಶಕ್ತಿಯೂ ಚಳಿಗೆ ಇಳಿದಿರುತ್ತದೆ. ಯಾವುದು ಕಾರಣ ಅಂತ ತಿಳಿಯಲು ಬ್ಯಾಟರಿಯನ್ನು ಬಿಚ್ಚಿ ರಾತ್ರಿ ಮನೆಯೊಳಗೆ ಚಾರ್ಜಿಗೆ ಇಡಿ. ಬೆಳಿಗ್ಗೆ ಬೆಚ್ಚಗಿರುವ ಬ್ಯಾಟರಿ ಹಾಕಿದರೂ ಇಂಜಿನ್ ಅಳುಕಿಕೊಂಡೇ ತಿರುಗಿದರೆ ಎಳೆತ ಆಯಿಲ್‌ನದ್ದು. ಇಂಜಿನ್ನಿನಲ್ಲಿ ಬೇಸಿಗೆಯ ದಪ್ಪ ಆಯಿಲ್ ಎಸ್‌ಎಇ 30 ಹಾಗೇ ಉಳಿದಿದ್ದರೆ ಮೊದಲು ಅದನ್ನು ಬದಲಿಸಿ. ಪೂರ್ತಿ ಇಳಿದ ಬ್ಯಾಟರಿಯನ್ನು ಶೆಡ್ಡಿನಲ್ಲಿ ಬಿಡಬೇಡಿ. ಮೈನಸ್ 10ರ ಆಸುಪಾಸಿಗೇ ಅದರೊಳಗಿನ ದ್ರವ ಹೆಪ್ಪುಗಟ್ಟಿ ಡಬ್ಬ ಬಿರಿಯಬಹುದು.

ನೀರು

ಈ ಭಾಗವನ್ನು ನಿಧಾನಕ್ಕೆ ಓದಿ. ಚಳಿಗಾಲದ ತೊಂದರೆಗಳಲ್ಲಿ ಜನ ತೀರಾ ಕಡಿಮೆ ಅನುಮಾನ ಪಡುವುದು ಇದರ ಮೇಲೆ.

ನನ್ನ ಟ್ರ್ಯಾಕ್ಟರ್ 1970ರ ದಶಕದ್ದು. ಮೂರನೇ ಚಳಿಗಾಲದಲ್ಲಿ ಒಂದು ಜನವರಿ ಬೆಳಿಗ್ಗೆ ಲಿವರ್ ತಳ್ಳಿದರೆ ಏನೂ ಇಲ್ಲ. ಹದಿನೈದು ನಿಮಿಷ ಇಂಜಿನ್ ಓಡಿಸಿದೆ. ಆಗಲೂ ಏನೂ ಇಲ್ಲ. ಆಯಿಲ್ ಬದಲಿಸಿಯೇ ಬಿಡೋಣ ಅಂತ ಕೆಳಗೆ ಟ್ರೇ ಇಟ್ಟು ಡ್ರೇನ್ ಪ್ಲಗ್ ಬಿಚ್ಚಿದೆ. ಪ್ಲಗ್ ಪೂರ್ತಿ ಕೈಗೆ ಬಂತು. ತೂತಿನಿಂದ ಒಂದು ಹನಿಯೂ ಬೀಳಲಿಲ್ಲ. ಸಣ್ಣ ತಂತಿ ತೂರಿಸಿದೆ. ಟಕ್ ಅಂತ ಗಟ್ಟಿಗೆ ತಾಗಿತು. ಟಾರ್ಚ್ ಬಿಟ್ಟು ನೋಡಿದರೆ ತೂತಿನೊಳಗೆ ಬೂದು ಬಣ್ಣದ ಐಸ್ ಹೊಳೆಯುತ್ತಿತ್ತು. ಮೇಲೆ ಅಷ್ಟೊಂದು ಆಯಿಲ್ ಇತ್ತು, ತಳದಲ್ಲಿ ಮುಚ್ಚಳ ಹಾಕಿದ ಹಾಗೆ ಐಸ್ ಕೂತಿತ್ತು. ಫಿಲ್ಟರಿಗೆ ಹೋಗುವ ದಾರಿಯೂ ಅದೇ ತಳದಿಂದ. ಪಂಪು ಬಡಪಾಯಿ ಎಲ್ಲಿಂದ ಎಳೆಯಬೇಕು?

ಪ್ಲಗ್ ವಾಪಸ್ ಹಾಕಿ, ಟ್ರ್ಯಾಕ್ಟರನ್ನು ಗ್ಯಾರೇಜಿಗೆ ಎಳೆದು ತಂದು ಎರಡು ದಿನ ಹೀಟರ್ ಹಚ್ಚಿ ಬಿಟ್ಟೆ. ಮೂರನೇ ದಿನ ಪ್ಲಗ್ ಸಡಿಲಿಸಿದಾಗ ಮೊದಲು ಬಂದದ್ದು ಸುಮಾರು ಒಂದು ಲೋಟ ಕೊಳಕು ನೀರು. ಆಮೇಲೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ಆಯಿಲ್. ನೀರು ಬಂದದ್ದು ಎಲ್ಲಿಂದ ಅಂತ ಹುಡುಕಿದಾಗ ಸಿಕ್ಕಿದ್ದು ಡಿಪ್‌ಸ್ಟಿಕ್ಕಿನ ಬಿರಿದ ರಬ್ಬರ್ ರಿಂಗ್. ಅಕ್ಟೋಬರಿನಲ್ಲಿ ಪ್ರೆಶರ್ ವಾಷರ್ ಹಿಡಿದು ಸೀಟಿನ ಕೆಳಗೆಲ್ಲಾ ತೊಳೆದಿದ್ದೆ. ಅಲ್ಲಿಂದಲೇ ಒಳಗೆ ಹೋಗಿತ್ತು.

ಇದಲ್ಲದೆ ನೀರು ತಾನಾಗಿಯೂ ಸೇರುತ್ತದೆ. ಸ್ನೋ ತೆಗೆಯುವುದು ಇಪ್ಪತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ಗಾಳಿಯ ತೇವ ಗೋಡೆಗೆ ಬೆವರಿ ಕೆಳಗೆ ಇಳಿಯುತ್ತದೆ. ಪ್ರತಿಸಲ ಒಂದಿಷ್ಟು ಹನಿ. ಹತ್ತು ವರ್ಷ ಆಯಿಲ್ ಬದಲಿಸದ ಟ್ರ್ಯಾಕ್ಟರಿನಲ್ಲಿ ಅದೇ ಲೋಟಗಟ್ಟಲೆ ಆಗುತ್ತದೆ.

ನೀರಿದೆಯಾ ಅಂತ ತಿಳಿಯಲು ಮೂರು ದಾರಿ. ಡಿಪ್‌ಸ್ಟಿಕ್ಕಿನ ಬಣ್ಣ ನೋಡಿ. ಮಜ್ಜಿಗೆಯ ಹಾಗೆ ಮಸುಕಾಗಿದ್ದರೆ ನೀರು ಖಂಡಿತ. ಬಣ್ಣ ಚೆನ್ನಾಗಿದೆ ಅಂತ ಸುಮ್ಮನಾಗಬೇಡಿ, ನೀರು ಬೇರ್ಪಟ್ಟು ತಳದಲ್ಲಿ ಇರಬಹುದು. ಅದಕ್ಕೆ ಎರಡನೇ ದಾರಿ: ಟ್ರ್ಯಾಕ್ಟರನ್ನು ಬೆಚ್ಚಗಿನ ಜಾಗದಲ್ಲಿ ಒಂದು ದಿನ ಅಲುಗಾಡಿಸದೆ ನಿಲ್ಲಿಸಿ, ಡ್ರೇನ್ ಪ್ಲಗ್ಗನ್ನು ನಿಧಾನಕ್ಕೆ ಸಡಿಲಿಸಿ ಗಾಜಿನ ಬಾಟಲಿಗೆ ಅರ್ಧ ಲೋಟ ಹಿಡಿಯಿರಿ. ನೀರಿದ್ದರೆ ಮೊದಲು ಅದೇ ಬರುತ್ತದೆ. ಮೂರನೆಯದು ಅಡುಗೆಮನೆಯಲ್ಲಿ ನಾವೆಲ್ಲಾ ಕಂಡದ್ದೇ. ಹಳೆಯ ತವಾ ಒಂದನ್ನು ಹೊರಗೆ ಎಲೆಕ್ಟ್ರಿಕ್ ಒಲೆಯ ಮೇಲೆ ಕಾಯಿಸಿ, ಒಂದೆರಡು ಹನಿ ಆಯಿಲ್ ಬಿಡಿ. ಶುದ್ಧ ಆಯಿಲ್ ಸುಮ್ಮನೆ ಹರಡುತ್ತದೆ. ನೀರಿದ್ದರೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತದೆ. ಕನ್ನಡಕ ಹಾಕಿಕೊಳ್ಳಿ. ಎರಡು ಹನಿಗಿಂತ ಹೆಚ್ಚು ಬೇಡ. ಆ ತವಾ ಮತ್ತೆ ಅಡುಗೆಗೆ ಬರಬಾರದು.

ನೀರು ಸಿಕ್ಕಿದರೆ ಒಂದು ಸಲ ಆಯಿಲ್ ಬದಲಿಸಿದರೆ ಸಾಲದು. ಹಳೆಯದು ಆಕ್ಸಲ್ಲಿನ ಕೊಳವೆಗಳಲ್ಲಿ, ಪಂಪಿನೊಳಗೆ, ಸ್ನೋಬ್ಲೋವರ್ ಮೇಲೆತ್ತುವ ಲಿಫ್ಟ್ ಸಿಲಿಂಡರಿನಲ್ಲಿ ಉಳಿದಿರುತ್ತದೆ. ಲಿಫ್ಟ್ ಕೆಳಗಿಳಿಸಿ, ಒಂದು ರಾತ್ರಿ ಪೂರ್ತಿ ಸೋರಲು ಬಿಡಿ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಒಂದೆರಡು ಗಂಟೆ ಕೆಲಸ ಮಾಡಿಸಿ. ಮತ್ತೆ ಮಸುಕಾದರೆ ಮತ್ತೆ ಬದಲಿಸಿ. ನನ್ನದು ಮೂರನೇ ಸಲಕ್ಕೆ ತಿಳಿಯಾಯಿತು. ಹಳೆಯ ಕಬ್ ಕ್ಯಾಡೆಟ್ಟುಗಳಿಗೆ ಒಂದು ಸಲಕ್ಕೆ ಸುಮಾರು 7 ಕ್ವಾರ್ಟ್, ಅಂದರೆ ಆರೂವರೆ ಲೀಟರಿನಷ್ಟು ಬೇಕು. ಖರ್ಚು ಇದೆ, ನಿಜ. ಪಂಪಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಆಯಿಲ್ ಮತ್ತು ಫಿಲ್ಟರ್

ಯಾವ ಆಯಿಲ್ ಅನ್ನುವುದಕ್ಕೆ ಎಲ್ಲ ಟ್ರ್ಯಾಕ್ಟರಿಗೂ ಒಂದೇ ಉತ್ತರ ಇಲ್ಲ. ಕಬ್ ಕ್ಯಾಡೆಟ್‌ಗೆ ಹೈ-ಟ್ರಾನ್ ಅನ್ನುವ ಆಯಿಲ್ ಹೇಳಿದ್ದಾರೆ. ತೇವವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಗುಣ ಅದಕ್ಕಿದೆ, ಹಾಗಾಗಿ ಸ್ವಲ್ಪ ನೀರು ತಳಕ್ಕೆ ಇಳಿದು ಐಸ್ ಆಗುವುದು ತಪ್ಪುತ್ತದೆ. ಜಾನ್ ಡೀರ್‌ನ ಹಳೆಯ ಕೆಲವು ಮಾದರಿಗಳಿಗೆ ಟೈಪ್ ಎಫ್ ಅನ್ನುವ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಹೇಳಿದ್ದರು. ವೀಲ್ ಹಾರ್ಸ್ ಟ್ರ್ಯಾಕ್ಟರುಗಳಲ್ಲಿ ಈಟನ್ ಕಂಪನಿಯ ಗೇರ್ ಇದ್ದವುಗಳಿಗೆ 10ಡಬ್ಲ್ಯೂ-30ರಂಥ ಇಂಜಿನ್ ಆಯಿಲ್. ನಿಮ್ಮ ಮಾದರಿಯ ಪುಸ್ತಕ ಏನು ಹೇಳುತ್ತದೋ ಅದೇ ಹಾಕಿ. ಒಳಗಿರುವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ಮೇಲಿಂದ ತುಂಬಿಸಬೇಡಿ, ಪೂರ್ತಿ ಬದಲಿಸಿ.

ಡಬ್ಲ್ಯೂ ಮುಂದಿನ ಅಂಕಿ ಚಳಿಗೆ ಸಂಬಂಧಿಸಿದ್ದು. ಎಸ್‌ಎಇ ಅನ್ನುವ ಇಂಜಿನಿಯರುಗಳ ಸಂಘದ ನಿಯಮದಲ್ಲಿ 10ಡಬ್ಲ್ಯೂ ಆಯಿಲ್ಲನ್ನು ಸ್ಟಾರ್ಟ್ ಮಾಡುವ ಪರೀಕ್ಷೆಗೆ ಒಡ್ಡುವುದು ಮೈನಸ್ 25 ಡಿಗ್ರಿಯಲ್ಲಿ, 5ಡಬ್ಲ್ಯೂವನ್ನು ಮೈನಸ್ 30ರಲ್ಲಿ, 0ಡಬ್ಲ್ಯೂವನ್ನು ಮೈನಸ್ 35ರಲ್ಲಿ. ಅಂದರೆ ಮಿನ್ನೆಸೋಟ ಅಥವಾ ಕೆನಡಾದ ಮ್ಯಾನಿಟೋಬಾದ ಜನವರಿಗೆ 10ಡಬ್ಲ್ಯೂ ತನ್ನ ಅಂಚಿನಲ್ಲಿ ನಿಂತಿರುತ್ತದೆ. ಪುಸ್ತಕ ಒಪ್ಪಿದರೆ ಸಿಂಥೆಟಿಕ್ ಹಾಕುವುದು ಒಳ್ಳೆಯದು. ಚಳಿಯಲ್ಲಿ ಅದು ಅಷ್ಟು ದಪ್ಪಗಾಗುವುದಿಲ್ಲ, ಬೇಸಿಗೆಯಲ್ಲಿ ತೀರಾ ತೆಳ್ಳಗೂ ಆಗುವುದಿಲ್ಲ. ಆಯಿಲ್ ತೆಳುವಾಗಲಿ ಅಂತ ಸೀಮೆಎಣ್ಣೆ, ಡೀಸೆಲ್ ಬೆರೆಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಪಿಸ್ಟನ್ನುಗಳ ಮಧ್ಯೆ ಇರುವ ಆಯಿಲ್ ಪದರವೇ ಈ ಯಂತ್ರದ ಜೀವ.

ಫಿಲ್ಟರಿನ ವಿಷಯದಲ್ಲಿ ಒಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಕಾರಿನಲ್ಲಿ ಪಂಪು ಆಯಿಲ್ಲನ್ನು ಫಿಲ್ಟರಿನೊಳಗೆ ತಳ್ಳುತ್ತದೆ. ಕಬ್ ಕ್ಯಾಡೆಟ್‌ನಂಥ ಹಳೆಯ ಟ್ರ್ಯಾಕ್ಟರುಗಳಲ್ಲಿ ಪಂಪು ಫಿಲ್ಟರಿನ ಮೂಲಕ ಎಳೆಯುತ್ತದೆ. ತಳ್ಳುವುದಕ್ಕೆ ಬಲ ಎಷ್ಟು ಬೇಕಾದರೂ ಸಿಗುತ್ತದೆ. ಎಳೆಯುವುದಕ್ಕೆ ಮೊದಲೇ ಹೇಳಿದ ಗಾಳಿಯ ಒತ್ತಡ ಮಾತ್ರ. ಹಾಗಾಗಿ ತಿರುಪಿನ ಅಳತೆ ಒಂದೇ ಅಂತ ಕಾರಿನ ಫಿಲ್ಟರ್ ತಿರುಗಿಸಿ ಕೂರಿಸಿದರೆ, ಬೇಸಿಗೆಯಲ್ಲಿ ಗೊತ್ತಾಗದಿದ್ದರೂ ಚಳಿಗೆ ಪಂಪು ಉಪವಾಸ ಬೀಳಬಹುದು. ಹೈಡ್ರೋ ಗೇರಿಗೆ ಅಂತಲೇ ಬರುವ ಫಿಲ್ಟರ್ ತನ್ನಿ. ಹಾಕುವಾಗ ರಬ್ಬರ್ ರಿಂಗಿಗೆ ಆಯಿಲ್ ಸವರಿ. ಎಳೆಯುವ ಕಡೆ ಸಂದಿ ಇದ್ದರೆ ಆಯಿಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ನೊರೆ ಕಂಡರೆ ಅದೇ ಅನುಮಾನ.

ಲಿಫ್ಟ್ ಹೇಳುವ ಸುಳಿವು

ಬಫಲೋ ಕಡೆ ಇರುವ ಗೆಳೆಯರೊಬ್ಬರು ಹೋದ ಚಳಿಗಾಲ ಫೋನ್ ಮಾಡಿದ್ದರು. "ಬೆಳಿಗ್ಗೆ ಹೆಜ್ಜೆನೇ ಎತ್ತೋದಿಲ್ಲ ಮಾರಾಯ್ರೆ."

"ಸ್ನೋಬ್ಲೋವರ್ ಮೇಲಕ್ಕೆ ಏಳ್ತದಾ?"

"ಅದು ಸಲೀಸಾಗಿ ಏಳ್ತದೆ. ಹಿಂದಕ್ಕೂ ಹೋಗ್ತದೆ. ಮುಂದಕ್ಕೆ ಮಾತ್ರ ಇಲ್ಲ."

ಇಷ್ಟರಲ್ಲೇ ಅರ್ಧ ಹುಡುಕಾಟ ಮುಗಿಯಿತು. ಅವರ ಟ್ರ್ಯಾಕ್ಟರಿನಲ್ಲಿ ಲಿಫ್ಟಿಗೂ ಆಯಿಲ್ ಕೊಡುವುದು ಚಾರ್ಜ್ ಪಂಪೇ. ಲಿಫ್ಟ್ ಸಲೀಸಾಗಿ ಏಳುತ್ತದೆ ಅಂದರೆ ಆಯಿಲ್ ಬರುತ್ತಿದೆ, ಫಿಲ್ಟರ್ ಸರಿ ಇದೆ, ಶಾಫ್ಟ್ ತಿರುಗುತ್ತಿದೆ, ಚಾರ್ಜ್ ಪಂಪು ಬದುಕಿದೆ. ಹಿಂದಕ್ಕೆ ಹೋಗುತ್ತದೆ ಅಂದರೆ ದೊಡ್ಡ ಪಂಪು ಮತ್ತು ಮೋಟಾರು ಕೆಲಸ ಮಾಡುತ್ತಿವೆ. ಇನ್ನು ಮೊದಲು ಅನುಮಾನ ಪಡಬೇಕಾದದ್ದು ಮುಂದಿನ ದಿಕ್ಕಿನ ಚೆಕ್ ವಾಲ್ವ್, ಅಂದರೆ ಆಯಿಲ್ಲನ್ನು ಒಂದೇ ಕಡೆಗೆ ಬಿಡುವ ವಾಲ್ವ್.

ಪಂಪು, ಮೋಟಾರಿನ ನಡುವಿನ ಸುತ್ತಿನಲ್ಲಿ ಆಯಿಲ್ ತುಂಬಲು ಎರಡು ಚೆಕ್ ವಾಲ್ವ್ ಇರುತ್ತವೆ, ದಿಕ್ಕಿಗೊಂದು. ಒತ್ತಡ ಬಂದಾಗ ಅದು ಮುಚ್ಚಿಕೊಳ್ಳಬೇಕು. ತುಕ್ಕು ಹಿಡಿದೋ ಕಸ ಕೂತೋ ತೆರೆದೇ ನಿಂತರೆ ಆ ದಿಕ್ಕಿನ ಬಲ ಪೂರ್ತಿ ಸೋರಿಹೋಗುತ್ತದೆ. ಹಳೆಯ ಕಬ್ ಕ್ಯಾಡೆಟ್ಟುಗಳಲ್ಲಿ ಟ್ರ್ಯಾಕ್ಟರನ್ನು ಕೈಯಿಂದ ತಳ್ಳಲು ಪಂಪಿನ ಮೇಲಿನ ಇವೇ ವಾಲ್ವುಗಳನ್ನು ಒತ್ತಿ ಹಿಡಿಯುತ್ತಾರೆ. ತೇವ ಸೇರಿದ್ದರೆ ಒತ್ತಿದ್ದು ಮೇಲೆ ಬರುವುದೇ ಇಲ್ಲ. ಇಂಜಿನ್ ನಿಲ್ಲಿಸಿ, ಮೇಲೆಲ್ಲಾ ಒರೆಸಿ, ತುಕ್ಕು ಬಿಡಿಸುವ ಆಯಿಲ್ ಹಾಕಿ, ಮೃದುವಾಗಿ ಒತ್ತಿ ಬಿಟ್ಟು ಮಾಡಿ ಅಂದೆ. ಎರಡು ದಿನ ಬಿಟ್ಟು ಫೋನ್ ಬಂತು, ಮುಂದಕ್ಕೆ ಓಡುತ್ತಿತ್ತು.

ಲಿಫ್ಟೂ ನಿಧಾನ, ಎರಡೂ ದಿಕ್ಕೂ ನಿಧಾನ ಅಂದರೆ ಚಾರ್ಜ್ ಪಂಪಿಗೆ ಆಯಿಲ್ ಬರುವ ದಾರಿಯನ್ನು ಹಿಡಿಯಿರಿ: ಆಯಿಲ್ ಮಟ್ಟ, ಐಸ್, ಫಿಲ್ಟರ್, ಗಾಳಿ. ಈ ಜೋಡಣೆ ಇಲ್ಲದ ಟ್ರ್ಯಾಕ್ಟರುಗಳಲ್ಲಿ ಈ ಸುಳಿವು ನಡೆಯುವುದಿಲ್ಲ. ಕೇಸ್ ಕಂಪನಿಯ ಹಳೆಯ ಗಾರ್ಡನ್ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಡ್ರೈವ್ ಅಂತೂ ಬೇರೆಯೇ. ಅಲ್ಲಿ ಸ್ವಾಶ್‌ಪ್ಲೇಟ್ ಇಲ್ಲ.

ಚಳಿಯಲ್ಲಿ ಮಾತ್ರ ತಾನಾಗಿ ತೆವಳುವುದು

ನ್ಯೂಟ್ರಲ್‌ನಲ್ಲಿ ಇಟ್ಟಿದ್ದರೂ ಬೆಳಿಗ್ಗೆ ಟ್ರ್ಯಾಕ್ಟರ್ ಮೆಲ್ಲಗೆ ಮುಂದೆ ಹೋಗುತ್ತದೆ, ಹತ್ತು ನಿಮಿಷ ಆದಮೇಲೆ ನಿಲ್ಲುತ್ತದೆ. ಇದು ಅಪಾಯದ ಲಕ್ಷಣ, ಕಾರಣ ಸರಳ. ನ್ಯೂಟ್ರಲ್ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದೆ. ಬಿಸಿ ಇದ್ದಾಗ ಆ ಚೂರು ಹರಿವು ಸಂದಿಗಳಲ್ಲೇ ಸೋರಿಹೋಗುತ್ತದೆ. ಚಳಿಯಲ್ಲಿ ದಪ್ಪ ಆಯಿಲ್ ಸೋರುವುದಿಲ್ಲ, ಆ ಚೂರೇ ಚಕ್ರ ತಿರುಗಿಸುತ್ತದೆ. ಮೊದಲು ಲಿವರಿನ ಕೀಲುಗಳಲ್ಲಿ ಗಟ್ಟಿಯಾದ ಹಳೆಯ ಗ್ರೀಸ್ ಒರೆಸಿ ಹೊಸದು ಹಾಕಿ. ಎಷ್ಟೋ ಸಲ ತಟ್ಟೆ ವಾಪಸ್ ಬರದಿರುವುದು ಅದಕ್ಕೇ. ಆಮೇಲೂ ತೆವಳಿದರೆ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದಿನ ಚಕ್ರಗಳನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಎತ್ತಿ, ಪುಸ್ತಕದಲ್ಲಿ ಹೇಳಿದ ಹಾಗೆ ಹೊಂದಿಸಿ. ಲಿವರ್ ಸೇರುವ ಸೀಳು ಸವೆದು ಅಗಲವಾಗಿದ್ದರೆ ಎಷ್ಟು ಹೊಂದಿಸಿದರೂ ನಿಲ್ಲುವುದಿಲ್ಲ. ಆ ಸೀಳನ್ನು ವೆಲ್ಡ್ ಮಾಡಿಸಿ ಸರಿಪಡಿಸಬೇಕು.

ಬೆಳಗಿನ ಕ್ರಮ

ಎಲ್ಲ ಸರಿ ಇದ್ದರೂ ಚಳಿಯಲ್ಲಿ ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಮೊದಲು ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆಯಿರಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮನೆಗೆ ಅಂಟಿದ ಗ್ಯಾರೇಜಿನಿಂದ ಅದು ಮಲಗುವ ಕೋಣೆಯವರೆಗೂ ಬರುತ್ತದೆ. ಲಿವರ್ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ. ಥ್ರಾಟಲ್ ಅರ್ಧಕ್ಕಿಂತ ಕಡಿಮೆ. ಐದರಿಂದ ಹತ್ತು ನಿಮಿಷ ಹಾಗೇ ಓಡಲಿ. ಕುಂಯ್ ಸದ್ದು ತಗ್ಗಿದ ಮೇಲೆ ಲಿವರನ್ನು ಚೂರು ಮುಂದೆ, ಚೂರು ಹಿಂದೆ ಆಡಿಸಿ, ನಿಧಾನಕ್ಕೆ ನಾಲ್ಕು ಮಾರು ಓಡಾಡಿಸಿ. ಆಮೇಲೆ ಸ್ನೋಗೆ ಬಾಯಿ ಹಾಕಿ.

ಕರೆಂಟ್ ಪಾಯಿಂಟ್ ಹತ್ತಿರ ಇದ್ದರೆ ಗೇರ್ ಪೆಟ್ಟಿಗೆಯ ತಳಕ್ಕೆ ಅಂಟುವ ಆಯಸ್ಕಾಂತದ ಹೀಟರ್ ಸಿಗುತ್ತದೆ. ಪೆಟ್ಟಿಗೆ ಎರಕದ ಕಬ್ಬಿಣದ್ದಾದರೆ ಹಿಡಿಯುತ್ತದೆ, ಅಲ್ಯೂಮಿನಿಯಂ ಆದರೆ ಹಿಡಿಯುವುದಿಲ್ಲ. ಒಂದೆರಡು ಗಂಟೆ ಮೊದಲು ಹಚ್ಚಿ, ಮೇಲೆ ಹಳೆಯ ಕಂಬಳಿ ಮುಚ್ಚದೆ ಬಿಡಿ. ಗ್ಯಾಸ್ ಟಾರ್ಚಿನ ಬೆಂಕಿ ಹಿಡಿಯುವುದು ಬೇಡವೇ ಬೇಡ. ಆಯಿಲ್, ಪೆಟ್ರೋಲು, ಒಣಗಿದ ಹುಲ್ಲು ಮೂರೂ ಅಲ್ಲೇ ಇರುತ್ತವೆ.

ಇಷ್ಟಾದ ಮೇಲೂ ಸರಿಹೋಗದಿದ್ದರೆ

ಆಗ ಒತ್ತಡ ಅಳೆಯಿರಿ. ಗೇಜ್ ಹಾಕಲು ಪಂಪಿನಲ್ಲಿ ಪ್ಲಗ್ ಇರುತ್ತದೆ. ಹಳೆಯ ಕಬ್ ಕ್ಯಾಡೆಟ್ಟುಗಳಲ್ಲಿ ಚಾರ್ಜ್ ಒತ್ತಡ 70ರಿಂದ 150 ಪಿಎಸ್‌ಐ ನಡುವೆ ಇರಬೇಕು. ಎರಡು ಸಲ ಅಳೆಯಿರಿ, ತಣ್ಣಗಿದ್ದಾಗ ಒಮ್ಮೆ, ಮುಕ್ಕಾಲು ಗಂಟೆ ದುಡಿಸಿದ ಮೇಲೆ ಇನ್ನೊಮ್ಮೆ. ಎರಡು ಸಲವೂ ಸರಿಯಾಗಿದ್ದು ಬಿಸಿಯಲ್ಲಿ ಏರು ಹತ್ತದಿದ್ದರೆ ಪಂಪು, ಮೋಟಾರುಗಳ ಸವೆತ. ಬಿಸಿಯಾದಾಗ ಚಾರ್ಜ್ ಒತ್ತಡವೇ ಬಿದ್ದರೆ ಮೊದಲು ಒತ್ತಡ ಮಿತಿ ಮೀರದ ಹಾಗೆ ನೋಡಿಕೊಳ್ಳುವ ಅದರ ರಿಲೀಫ್ ವಾಲ್ವ್ ತೆಗೆದು ನೋಡಿ. ಸ್ಪ್ರಿಂಗ್ ಮುರಿದಿರುವುದು, ಕಸ ಕೂತಿರುವುದು ಸಾಮಾನ್ಯ.

ಬಿಚ್ಚಲೇಬೇಕಾದರೆ ಬೇಸಿಗೆವರೆಗೆ ಕಾಯಿರಿ. ಹೆಪ್ಪುಗಟ್ಟಿದ ಕೈಯಲ್ಲಿ ಮಾಡುವ ಕೆಲಸ ಅಲ್ಲ ಅದು. ಬಿಚ್ಚುವ ಮೊದಲು ಹೊರಗಿನ ಮಣ್ಣು, ಹುಲ್ಲು ಪೂರ್ತಿ ಒರೆಸಿ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಭಾಗಗಳನ್ನು ಬಂದ ಕ್ರಮದಲ್ಲೇ ಇಡಿ. ಚೆಕ್ ವಾಲ್ವುಗಳು ನೋಡಲು ಒಂದೇ ಥರ ಕಂಡರೂ ಯಾವುದು ಎಡದ್ದು, ಯಾವುದು ಬಲದ್ದು ಅಂತ ಮಾರ್ಕರಿನಲ್ಲಿ ಗುರುತು ಹಾಕಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡ ಮೇಲೇ ಹೊರಗೆ ತೆಗೆಯಿರಿ.